ಐಸ್ ಬಕೆಟ್ ಚಾಲೆಂಜ್: ವಿಡಿಯೊ ಮಾಡಿದ್ದು ಜನ, ಲೆಕ್ಕ ಕೊಡಬೇಕಾದದ್ದು ಸಂಸ್ಥೆ

2014ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ತೆರೆದವರಿಗೆಲ್ಲ ಹೆಚ್ಚುಕಡಿಮೆ ಒಂದೇ ದೃಶ್ಯ ಕಾಣುತ್ತಿತ್ತು. ಯಾರೋ ಒಬ್ಬರು ಮನೆ ಮುಂದೆ ನಿಂತು ಮೂರು ಜನರ ಹೆಸರು ಹೇಳುತ್ತಾರೆ, ಐಸ್ ತುಂಬಿದ ಬಕೆಟ್ ಎತ್ತಿ ತಲೆ ಮೇಲೆ ಸುರಿದುಕೊಳ್ಳುತ್ತಾರೆ, ಕಿರುಚುತ್ತಾರೆ. ಬಿಲ್ ಗೇಟ್ಸ್, ಮಾರ್ಕ್ ಜುಕರ್‌ಬರ್ಗ್, ಜಾರ್ಜ್ ಬುಷ್, ಜೊತೆಗೆ ನಮ್ಮ ಕಾಲೇಜು ಸ್ನೇಹಿತರು, ಎಲ್ಲರದ್ದೂ ಅದೇ. ಎಎಲ್‌ಎಸ್ ಅನ್ನುವ ಕಾಯಿಲೆಗಾಗಿ ದುಡ್ಡು ಸೇರಿಸಿದ ಐಸ್ ಬಕೆಟ್ ಚಾಲೆಂಜ್ ಅದು.

ಅದಾಗಿ ಹತ್ತು ವರ್ಷ ಕಳೆದರೂ ಯಾವುದೇ ಟ್ರಸ್ಟ್‌ನವರು, ಸಂಘದವರು ಸೋಷಿಯಲ್ ಮೀಡಿಯಾ ಬಗ್ಗೆ ಮಾತು ತೆಗೆದರೆ ಇದರ ಹೆಸರು ಬಂದೇ ಬರುತ್ತದೆ. "ನಮಗೂ ಅಂಥದ್ದೊಂದು ಐಡಿಯಾ ಹೇಳಿ" ಅನ್ನುತ್ತಾರೆ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಬಕೆಟ್‌ನಲ್ಲಿ ಇಲ್ಲ. ಬಕೆಟ್ ಖಾಲಿಯಾದ ಮೇಲೆ ಒಂದು ಸಂಸ್ಥೆ ಏನು ಮಾಡಿತು ಅನ್ನುವುದರಲ್ಲಿದೆ. ಹಾಗಾಗಿ ಇಡೀ ಕಥೆಯನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ಬರೆಯುತ್ತಿದ್ದೇನೆ.

ಕಾಯಿಲೆ ಮತ್ತು ಸಂಸ್ಥೆ

ಎಎಲ್‌ಎಸ್ ಅನ್ನುವುದು ನರಗಳ ಕಾಯಿಲೆ. ಮೆದುಳು ಮತ್ತು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಕೈಯಲ್ಲಿ ಹಿಡಿದದ್ದು ಜಾರುತ್ತದೆ, ಕಾಲು ಎಡವುತ್ತದೆ, ಆಮೇಲೆ ಮಾತು ಹೋಗುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟ. ಹೆಚ್ಚಿನವರಿಗೆ ಗೊತ್ತಾದ ಮೇಲೆ ಸಿಗುವುದು ಎರಡರಿಂದ ಐದು ವರ್ಷ. ಸ್ಟೀಫನ್ ಹಾಕಿಂಗ್ ಅಷ್ಟು ದೀರ್ಘಕಾಲ ಬದುಕಿದ್ದು ತೀರಾ ಅಪರೂಪ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೂ ಇಂಥ ರೋಗಿಗಳು ಬರುತ್ತಾರೆ. ಆದರೆ ರೋಗ ಅಪರೂಪದ್ದು, ರೋಗಿಗಳು ಕಡಿಮೆ, ಹಾಗಾಗಿ ಔಷಧ ಕಂಪನಿಗಳ ಆಸಕ್ತಿಯೂ ಕಡಿಮೆ.

ಅಮೆರಿಕದಲ್ಲಿ ಈ ರೋಗಿಗಳಿಗಾಗಿ ಇರುವ ದೊಡ್ಡ ಸಂಸ್ಥೆ ಎಎಲ್‌ಎಸ್ ಅಸೋಸಿಯೇಷನ್. 2014ರಲ್ಲಿ ಅದರ ಮುಖ್ಯಸ್ಥೆ ಬಾರ್ಬರಾ ನ್ಯೂಹೌಸ್, ಅವರು ಆ ಕುರ್ಚಿಗೆ ಬಂದು ಕೆಲವೇ ತಿಂಗಳಾಗಿತ್ತು. ಸೋಷಿಯಲ್ ಮೀಡಿಯಾದಲ್ಲಿ ಏನೋ ದೊಡ್ಡದು ಮಾಡುತ್ತೇವೆ ಎಂದು ಯಾರೂ ಕೂತು ಪ್ಲಾನ್ ಮಾಡಿರಲಿಲ್ಲ.

ಶುರುವಾದದ್ದು ಮನೆಯವರಿಂದ

ತಣ್ಣೀರು ಸುರಿದುಕೊಂಡು ಯಾವುದಾದರೂ ಒಳ್ಳೆ ಕೆಲಸಕ್ಕೆ ದುಡ್ಡು ಕೊಡುವ ಆಟ ಆ ಬೇಸಿಗೆಯಲ್ಲಿ ಮೊದಲೇ ಓಡಾಡುತ್ತಿತ್ತು. ಯಾರು ಯಾವ ಸಂಸ್ಥೆಗೆ ಬೇಕಾದರೂ ಕೊಡಬಹುದಿತ್ತು. ಜುಲೈ 15ರಂದು ಫ್ಲೋರಿಡಾದ ಗಾಲ್ಫ್ ಆಟಗಾರ ಕ್ರಿಸ್ ಕೆನಡಿ ಅದನ್ನು ಎಎಲ್‌ಎಸ್ ಕಡೆಗೆ ತಿರುಗಿಸಿದರು. ಕಾರಣ, ಅವರ ಹೆಂಡತಿಯ ಕಸಿನ್ ಜೀನೆಟ್ ಸೆನೆರ್ಕಿಯಾ. ಜೀನೆಟ್ ಅವರ ಗಂಡ ಆಂಥನಿಗೆ ಈ ಕಾಯಿಲೆ ಇತ್ತು. ಕೆನಡಿ ಆಕೆಯ ಹೆಸರು ಹೇಳಿ ಸವಾಲು ಹಾಕಿದರು, ಆಕೆ ನ್ಯೂಯಾರ್ಕ್ ಪಕ್ಕದ ಪೆಲ್ಹಾಮ್‌ನಲ್ಲಿ ತಲೆ ಮೇಲೆ ನೀರು ಸುರಿದುಕೊಂಡರು. ಅಷ್ಟೇ. ಯಾವ ಏಜೆನ್ಸಿಯೂ ಇಲ್ಲ, ಜಾಹೀರಾತಿನ ಬಜೆಟ್ಟೂ ಇಲ್ಲ.

ಅದೇ ಸುತ್ತಮುತ್ತಲಿನ ಯಾಂಕರ್ಸ್ ಊರಿನ ಪ್ಯಾಟ್ ಕ್ವಿನ್ ಅದನ್ನು ಫೇಸ್‌ಬುಕ್‌ನಲ್ಲಿ ನೋಡಿದರು. ಅವರಿಗೂ ಎಎಲ್‌ಎಸ್ ಇತ್ತು, ಬೆನ್ನಿಗೆ ದೊಡ್ಡ ಗೆಳೆಯರ ಬಳಗವೂ ಇತ್ತು. ಅವರಿಂದ ಅದು ಬಾಸ್ಟನ್ ಕಡೆಯ ಪೀಟ್ ಫ್ರೇಟ್ಸ್ ಅವರಿಗೆ ದಾಟಿತು. ಪೀಟ್ ಬಾಸ್ಟನ್ ಕಾಲೇಜಿನ ಬೇಸ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದವರು, ಅವರಿಗೂ ಎಎಲ್‌ಎಸ್ ಇತ್ತು. ಕಾಲೇಜು, ತಂಡ, ಊರು ಎಲ್ಲ ಅವರ ಹಿಂದೆ ನಿಂತಿತು, ಜುಲೈ ಕೊನೆಗೆ ಬಾಸ್ಟನ್ ತುಂಬಾ ಬಕೆಟ್‌ಗಳೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಮೂರೂ ಕಡೆ ಮಾತಾಡಿದ್ದು ರೋಗಿಯೇ, ಇಲ್ಲ ರೋಗಿಯ ಮನೆಯವರು. ಅವರ ಫ್ರೆಂಡ್ಸ್ ಲಿಸ್ಟ್‌ನಲ್ಲಿದ್ದವರಿಗೆ ಆ ಕಾಯಿಲೆ ಅಂದರೆ ಯಾವುದೋ ಮೂರಕ್ಷರದ ಹೆಸರಾಗಿರಲಿಲ್ಲ, ತಮ್ಮ ಜೊತೆ ಬೇಸ್‌ಬಾಲ್ ಆಡಿದ ಹುಡುಗನ ಕಷ್ಟವಾಗಿತ್ತು. ಇದೇ ವಿಷಯವನ್ನು ಸಂಸ್ಥೆಯ ಅಧಿಕೃತ ಪೇಜ್ ಒಂದು ಪೋಸ್ಟರ್ ಮಾಡಿ ಹಾಕಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಮ್ಮಲ್ಲಿ ಎಷ್ಟೋ ಟ್ರಸ್ಟ್‌ಗಳ ಪೇಜ್ ನೋಡಿ, ಎಲ್ಲ ಪೋಸ್ಟ್‌ನಲ್ಲೂ ಲೋಗೊ, ಅಧ್ಯಕ್ಷರ ಫೋಟೊ, ಶಾಲು, ಹಾರ. ಯಾರಿಗಾಗಿ ಆ ಟ್ರಸ್ಟ್ ಇದೆಯೋ ಅವರ ದನಿ ಎಲ್ಲೂ ಕೇಳುವುದಿಲ್ಲ.

ಓಡಿದ್ದು ಯಾಕೆ

ಆಟದ ನಿಯಮ ತುಂಬಾ ಸರಳ. ಹೆಸರು ಹೇಳಿಸಿಕೊಂಡವರು 24 ಗಂಟೆಯೊಳಗೆ ನೀರು ಸುರಿದುಕೊಳ್ಳಬೇಕು, ಇಲ್ಲವಾದರೆ 100 ಡಾಲರ್ ಕೊಡಬೇಕು. ಸುರಿದುಕೊಂಡವರೂ 10 ಡಾಲರ್ ಕೊಡಬೇಕು ಎಂದು ಆಮೇಲೆ ಸೇರಿಕೊಂಡಿತು. ಜೊತೆಗೆ ಮೂರು ಹೆಸರು ಹೇಳಬೇಕು.

ಆ ಮೂರು ಹೆಸರಲ್ಲೇ ಇದೆ ಎಲ್ಲ. ಒಬ್ಬ ಮೂವರನ್ನು ಕರೆದು, ಆ ಮೂವರೂ ತಲಾ ಮೂವರನ್ನು ಕರೆದರೆ ಹತ್ತನೇ ಸುತ್ತಿಗೆ 59,049 ಜನ ಆಗುತ್ತಾರೆ. ಎಲ್ಲರೂ ಮಾಡುವುದಿಲ್ಲ, ನಿಜ, ಅರ್ಧಕ್ಕರ್ಧ ಜನ ಕೈಬಿಟ್ಟರೂ ಸರಪಳಿ ಬೆಳೆಯುತ್ತಲೇ ಹೋಗುತ್ತದೆ. "ದಯವಿಟ್ಟು ಎಲ್ಲರೂ ಶೇರ್ ಮಾಡಿ" ಎಂದರೆ ಯಾರಿಗೂ ಅದು ತನಗೆ ಹೇಳಿದ್ದು ಅನ್ನಿಸುವುದಿಲ್ಲ. ಹೆಸರು ಹಿಡಿದು, ಎಲ್ಲರೆದುರು, ನಾಳೆ ಈ ಹೊತ್ತಿನೊಳಗೆ ಎಂದು ಕರೆದರೆ ಸುಮ್ನೆ ಕೂರುವುದು ಕಷ್ಟ. ಅಲ್ವಾ?

ಕಾಲವೂ ಕೂಡಿ ಬಂತು. ಅಲ್ಲಿ ಅದು ಬೇಸಿಗೆ. ಫೇಸ್‌ಬುಕ್‌ನಲ್ಲಿ ವಿಡಿಯೊ ಮುಟ್ಟದೆಯೇ ತನ್ನಷ್ಟಕ್ಕೆ ಓಡುವ ವ್ಯವಸ್ಥೆ ಆಗಷ್ಟೇ ಬಂದಿತ್ತು. ಯಾರಾದರೂ ಬಕೆಟ್ ಎತ್ತಿದರೆ ಬೆರಳು ತಾನಾಗಿ ನಿಲ್ಲುತ್ತದೆ. ದೊಡ್ಡವರೂ ಸಣ್ಣವರಂತೆ ಒದ್ದೆಯಾಗಿ ನಡುಗುವುದನ್ನು ನೋಡುವುದು ಎಲ್ಲರಿಗೂ ಖುಷಿ. ಬಿಲ್ ಗೇಟ್ಸ್ ಅಂತೂ ಚಿತ್ರ ಬಿಡಿಸಿ, ಕಬ್ಬಿಣ ಬೆಸೆದು, ಹಗ್ಗ ಎಳೆದರೆ ಬಕೆಟ್ ಮಗುಚುವ ಒಂದು ಚೌಕಟ್ಟನ್ನೇ ಕಟ್ಟಿಸಿಕೊಂಡರು. ಒಬಾಮ ನೀರು ಸುರಿದುಕೊಳ್ಳದೆ 100 ಡಾಲರ್ ಕೊಟ್ಟರು. ಫೇಸ್‌ಬುಕ್ ಕೊಟ್ಟ ಲೆಕ್ಕದಂತೆ 1.7 ಕೋಟಿಗೂ ಹೆಚ್ಚು ವಿಡಿಯೊ ಬಂದವು, 44 ಕೋಟಿ ಜನ ಅವನ್ನು ಒಟ್ಟು 1,000 ಕೋಟಿ ಸಲ ನೋಡಿದರು.

ಈ ನಗುವಿನ ನಡುವೆ ಒಂದು ವಿಡಿಯೊ ನನಗೆ ಈಗಲೂ ಮುಖ್ಯ ಅನ್ನಿಸುತ್ತದೆ. ಒಬ್ಬ ಯುವಕ ಮೊದಲು ಎಲ್ಲರಂತೆ ತಮಾಷೆ ಮಾಡುತ್ತಾನೆ, ಹೆಂಗಸರ ಬಟ್ಟೆ ಹಾಕಿಕೊಂಡು ಕಾರು ತೊಳೆಯುತ್ತಾನೆ, ನೀರು ಸುರಿದುಕೊಳ್ಳುತ್ತಾನೆ. ಆಮೇಲೆ ಕ್ಯಾಮೆರಾ ಎದುರು ಕೂತು ಹೇಳುತ್ತಾನೆ: ಅಜ್ಜಿಗೆ ಇದೇ ಕಾಯಿಲೆ ಇತ್ತು, ಅಮ್ಮನಿಗೂ ಬಂದಿದೆ, ಕೆಲವು ತಿಂಗಳ ಹಿಂದೆ ನನಗೂ ಬಂದಿರುವುದು ಗೊತ್ತಾಯಿತು. ಅಮ್ಮನನ್ನು ನೋಡಿಕೊಳ್ಳುವುದನ್ನೂ ತೋರಿಸುತ್ತಾನೆ. ಅಳು ತಡೆಯಲಾಗದೆ ಅಳುತ್ತಾನೆ. ಈ ವಿಡಿಯೊಗಳಿಂದ ಬೇಸರವಾಗಿದ್ದರೆ ಕ್ಷಮಿಸಿ, ನಮ್ಮ ಕಡೆ ಯಾರೂ ನೋಡದೆ ಬಹಳ ಕಾಲವಾಗಿತ್ತು ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ನಗಿಸಲು ಬಂದದ್ದನ್ನು ನೋಡುತ್ತಾ ಕೂತವರಿಗೆ ಕಾಯಿಲೆ ಏನೆಂದು ಅರ್ಥವಾದದ್ದು ಅಲ್ಲಿ. ಅದನ್ನು ಯಾವ ಸಂಸ್ಥೆಯೂ ಬರೆದುಕೊಟ್ಟಿರಲಿಲ್ಲ, ಅವನೇ ನಿರ್ಧರಿಸಿ, ತನಗೆ ಬೇಕಾದಷ್ಟೇ ತೋರಿಸಿದ. ಅಕ್ಕಿ ಮೂಟೆ ಕೊಡುವಾಗ ಬಡವರನ್ನು ಸಾಲಾಗಿ ನಿಲ್ಲಿಸಿ, ಅವರು ತಲೆ ತಗ್ಗಿಸಿರುವ ಫೋಟೊ ಹಾಕುವುದಕ್ಕೂ ಇದಕ್ಕೂ ಇರುವ ದೂರವನ್ನು ನಮ್ಮ ಪೇಜ್‌ಗಳನ್ನು ನಡೆಸುವವರು ಯೋಚಿಸಬೇಕು.

ಸಂಸ್ಥೆ ಮಾಡಿದ್ದು

ಹಣ ಬರಲು ಶುರುವಾದಾಗ ಅಸೋಸಿಯೇಷನ್ ಮಾಡಿದ ಮೊದಲ ಒಳ್ಳೆ ಕೆಲಸ ಹೆಚ್ಚುಕಡಿಮೆ ದಿನಾ ಲೆಕ್ಕ ಹೇಳಿದ್ದು. ಆಗಸ್ಟ್ 18ಕ್ಕೆ 1.56 ಕೋಟಿ ಡಾಲರ್. 20ಕ್ಕೆ 3.15 ಕೋಟಿ. ಮರುದಿನ 4.18 ಕೋಟಿ. 29ಕ್ಕೆ 10.09 ಕೋಟಿ. ಪ್ರತಿ ಸಲವೂ ಪಕ್ಕದಲ್ಲಿ ಹಿಂದಿನ ವರ್ಷ ಇದೇ ಅವಧಿಯಲ್ಲಿ ಬಂದದ್ದೆಷ್ಟು ಎಂದೂ ಹಾಕುತ್ತಿದ್ದರು. ಆಗಸ್ಟ್ 29ರ ಆ ಪಕ್ಕದ ಅಂಕಿ 28 ಲಕ್ಷ ಡಾಲರ್. ಒಂದೇ ಸಾಲು, ಎರಡು ಅಂಕಿ, ಪತ್ರಿಕೆಯವರಿಗೂ ಬರೆಯಲು ಸುಲಭ, ಕೊಟ್ಟವರಿಗೂ ತಾವು ಕೊಟ್ಟದ್ದು ಎಲ್ಲಿ ಸೇರಿತು ಎಂದು ಕಾಣುತ್ತದೆ. ಕೊನೆಗೆ ಒಟ್ಟು ಬಂದದ್ದು 11.5 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 700 ಕೋಟಿ ರೂಪಾಯಿ. ಕೊಟ್ಟವರು 25 ಲಕ್ಷಕ್ಕೂ ಜಾಸ್ತಿ ಜನ.

ತಪ್ಪೂ ಆಯಿತು. ಆಗಸ್ಟ್ ಕೊನೆಯಲ್ಲಿ ಅಸೋಸಿಯೇಷನ್ 'ಐಸ್ ಬಕೆಟ್ ಚಾಲೆಂಜ್' ಅನ್ನುವ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿತು. ಬೇರೆಯವರು ಹೆಸರು ದುರುಪಯೋಗ ಮಾಡಬಾರದು ಅನ್ನುವುದು ಅವರ ವಾದ. ಜನಕ್ಕೆ ಸಿಟ್ಟು ಬಂತು. ನಾವು ಶುರು ಮಾಡಿದ್ದು, ನಮ್ಮ ತಲೆ ಮೇಲೆ ನಾವೇ ನೀರು ಹಾಕಿಕೊಂಡದ್ದು, ಇದು ನಿಮ್ಮದು ಹೇಗಾಯಿತು ಎಂದು ಕೇಳಿದರು. ಅರ್ಜಿ ಹಾಕಿ ಒಂದು ವಾರದೊಳಗೆ ಸಂಸ್ಥೆ ಅದನ್ನು ವಾಪಸ್ ತೆಗೆದುಕೊಂಡಿತು. ವಾದಕ್ಕೆ ನಿಲ್ಲದೆ ಬೇಗ ಹಿಂದೆ ಸರಿದದ್ದನ್ನು ನಾನು ಮೆಚ್ಚುತ್ತೇನೆ. ಇನ್ನೂ ಒಂದು ತಿಂಗಳು ಹಠ ಹಿಡಿದಿದ್ದರೆ ಗಳಿಸಿದ್ದ ಹೆಸರೆಲ್ಲ ಹೋಗುತ್ತಿತ್ತು.

ಇನ್ನೊಂದು ಪೆಟ್ಟು ಬಂದದ್ದು ಸುಳ್ಳು ಸುದ್ದಿಯಿಂದ. ನೀವು ಕೊಟ್ಟ ಹಣದಲ್ಲಿ ಶೇ 73 ಭಾಗ ಕಾಯಿಲೆಗೆ ಹೋಗುವುದೇ ಇಲ್ಲ ಅನ್ನುವ ಪೋಸ್ಟ್ ಎಲ್ಲ ಕಡೆ ಹರಿದಾಡಿತು. ಅದು ಹುಟ್ಟಿದ್ದು ಸಂಸ್ಥೆಯ ಹಿಂದಿನ ವರ್ಷಗಳ ಖರ್ಚಿನ ಪಟ್ಟಿಯಿಂದಲೇ. ಅದರಲ್ಲಿ ಸಂಶೋಧನೆಗೆ ಹೋಗುತ್ತಿದ್ದದ್ದು ಶೇ 27ರಷ್ಟು. ಉಳಿದದ್ದೆಲ್ಲ ನುಂಗಿ ಹಾಕಿದ್ದಾರೆ ಎಂದು ಯಾರೋ ಬರೆದುಬಿಟ್ಟರು. ಆದರೆ ಉಳಿದದ್ದರಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ರೋಗಿಗಳ ಸೇವೆಗೆ, ತಿಳಿವಳಿಕೆ ಮೂಡಿಸುವ ಕೆಲಸಕ್ಕೆ. ನಡೆಯಲಾಗದ ಮನುಷ್ಯನಿಗೆ ಗಾಲಿಕುರ್ಚಿ ಕೊಡುವುದೂ ಕಾಯಿಲೆಯ ಕೆಲಸವೇ ತಾನೇ? ಇದನ್ನು ಮೊದಲೇ ಚೆನ್ನಾಗಿ ಬಿಡಿಸಿ ಹೇಳಿಟ್ಟಿದ್ದರೆ ಸುಳ್ಳಿಗೆ ಜಾಗ ಕಡಿಮೆ ಇರುತ್ತಿತ್ತು ಎಂದು ನನಗನ್ನಿಸುತ್ತದೆ.

ಮೂರನೆಯದು ನಂಬಿಕೆಯ ಪ್ರಶ್ನೆ. ಸಂಸ್ಥೆ ಹಣ ಕೊಟ್ಟಿದ್ದ ಒಂದು ಸಂಶೋಧನೆಯಲ್ಲಿ ಭ್ರೂಣದ ಕಾಂಡಕೋಶ (ಸ್ಟೆಮ್ ಸೆಲ್) ಬಳಸಲಾಗುತ್ತಿತ್ತು. ಸಿನ್ಸಿನಾಟಿಯ ಕ್ಯಾಥೊಲಿಕ್ ಧರ್ಮಪ್ರಾಂತ ತನ್ನ ಶಾಲೆಗಳಿಗೆ ಆ ಸಂಸ್ಥೆಗೆ ಹಣ ಕಳಿಸಬೇಡಿ ಎಂದಿತು. ಸಂಸ್ಥೆ ಜಗಳಕ್ಕೆ ಹೋಗಲಿಲ್ಲ. ತಮ್ಮ ಹಣ ಆ ಕೆಲಸಕ್ಕೆ ಬೇಡ ಅನ್ನುವವರು ಹಾಗೆಂದು ತಿಳಿಸಬಹುದು ಎಂದಿತು. ಒಪ್ಪದವರಿಗೂ ಒಂದು ದಾರಿ ಬಿಟ್ಟದ್ದು ಜಾಣತನ.

ಆಮೇಲೆ ಖರ್ಚು. ಬಂದ ಹಣ ಹೇಗೆ ಹಂಚಿತು ಎಂದು ಸಂಸ್ಥೆ ಬಹಿರಂಗವಾಗಿ ಹೇಳಿದೆ: ಸಂಶೋಧನೆಗೆ 7.7 ಕೋಟಿ ಡಾಲರ್, ಅಂದರೆ ಶೇ 67. ರೋಗಿಗಳ ಸೇವೆಗೆ 2.3 ಕೋಟಿ. ತಿಳಿವಳಿಕೆಗೆ 1 ಕೋಟಿ. ಉಳಿದದ್ದು ನಿಧಿ ಸಂಗ್ರಹದ ಖರ್ಚು ಮತ್ತು ದೇಣಿಗೆಯ ಪಾವತಿ ನಡೆಸಿಕೊಟ್ಟ ಹೊರಗಿನವರಿಗೆ ಕೊಟ್ಟ ಶುಲ್ಕ. ಆ ಶುಲ್ಕವೇ 20 ಲಕ್ಷ ಡಾಲರ್ ಎಂದು ಬಚ್ಚಿಡದೆ ಬರೆದರು, ಅದು ನನಗೆ ಹಿಡಿಸಿತು. ಅಕ್ಟೋಬರ್ ಶುರುವಿಗೇ 2.17 ಕೋಟಿ ಡಾಲರ್‌ನ ಮೊದಲ ಕಂತು ಯಾವ ಯೋಜನೆಗಳಿಗೆ ಎಂದು ಘೋಷಿಸಿಯೂ ಆಗಿತ್ತು.

ಫಲ, ಮತ್ತು ಫಲಿಸದ್ದು

2016ರ ಜುಲೈನಲ್ಲಿ 11 ದೇಶಗಳ 80ಕ್ಕೂ ಹೆಚ್ಚು ಸಂಶೋಧಕರು ಸೇರಿ ಎನ್‌ಇಕೆ1 ಅನ್ನುವ ಜೀನ್‌ಗೂ ಈ ಕಾಯಿಲೆಗೂ ಇರುವ ನಂಟನ್ನು ಪ್ರಕಟಿಸಿದರು. ಅದಕ್ಕೆ ಬಕೆಟ್ ಹಣದ 10 ಲಕ್ಷ ಡಾಲರ್ ಹೋಗಿತ್ತು. ಎರಡು ವರ್ಷದ ಹಿಂದೆ ನೀರು ಸುರಿದುಕೊಂಡು ಮರೆತಿದ್ದವರಿಗೆ ಪತ್ರಿಕೆಗಳು ಅದನ್ನು ಮತ್ತೆ ನೆನಪಿಸಿದವು, ಅದೂ ಹೊಸ ಪೈಸೆ ಕೇಳದೆ. ಒಂದು ಸಂಸ್ಥೆಗೆ ಇದಕ್ಕಿಂತ ಒಳ್ಳೆ ಪೋಸ್ಟ್ ಯಾವುದಿದೆ?

ಔಷಧದ ಕಥೆ ಅಷ್ಟು ಸಿಹಿ ಇಲ್ಲ. ಎಎಮ್‌ಎಕ್ಸ್0035 ಅನ್ನುವ ಔಷಧದ ಬೆಳವಣಿಗೆಗೆ ಸಂಸ್ಥೆ 22 ಲಕ್ಷ ಡಾಲರ್ ಕೊಟ್ಟಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು, ರೆಲಿವ್ರಿಯೊ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಆಮೇಲೆ ದೊಡ್ಡ ಪ್ರಯೋಗದಲ್ಲಿ ಅದು ಗುಣ ಕೊಡಲಿಲ್ಲ. 2024ರ ಏಪ್ರಿಲ್‌ನಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಳ್ಳುವುದಾಗಿ ಹೇಳಿತು. ಕಾಯಿಲೆ ಇನ್ನೂ ವಾಸಿಯಾಗುವಂಥದ್ದಾಗಿಲ್ಲ. ಆಂಥನಿ ಸೆನೆರ್ಕಿಯಾ 2017ರಲ್ಲಿ ತೀರಿಕೊಂಡರು, ಪೀಟ್ ಫ್ರೇಟ್ಸ್ 2019ರ ಡಿಸೆಂಬರ್‌ನಲ್ಲಿ, ಪ್ಯಾಟ್ ಕ್ವಿನ್ 2020ರ ನವೆಂಬರ್‌ನಲ್ಲಿ. ದುಡ್ಡು ಬಂದ ತಕ್ಷಣ ಗೆದ್ದೆವು ಎಂದು ಬರೆಯುವವರು ಇದನ್ನು ನೆನಪಿಡಬೇಕು.

ಎರಡನೇ ವರ್ಷದ ಲೆಕ್ಕ ಇನ್ನೂ ಮುಖ್ಯ. 2015ರ ಆಗಸ್ಟ್‌ನಲ್ಲಿ ಸಂಸ್ಥೆಯೇ ಮುಂದೆ ನಿಂತು, ಕಾಯಿಲೆಗೆ ಮದ್ದು ಸಿಗುವವರೆಗೆ ಪ್ರತಿ ಆಗಸ್ಟ್‌ನಲ್ಲೂ ಮಾಡೋಣ ಎಂದು ಕರೆ ಕೊಟ್ಟಿತು. ಬಂದದ್ದು ಸುಮಾರು 10 ಲಕ್ಷ ಡಾಲರ್. ಹಿಂದಿನ ವರ್ಷದ ನೂರರಲ್ಲೊಂದು ಪಾಲೂ ಇಲ್ಲ. ಅದೇ ಬಕೆಟ್, ಅದೇ ಐಸ್, ಅದೇ ಕಾಯಿಲೆ. ಅಂಥ ಅಲೆಯನ್ನು ಅದನ್ನು ಕಂಡವರೇ ಮತ್ತೆ ಎಬ್ಬಿಸಲಾಗಲಿಲ್ಲ ಅಂದಮೇಲೆ, ತುಮಕೂರಿನ ಒಂದು ಸಣ್ಣ ಟ್ರಸ್ಟ್ "ವೈರಲ್ ಆಗುವ ವಿಡಿಯೊ ಮಾಡಿಕೊಡುತ್ತೇವೆ" ಅನ್ನುವವರಿಗೆ ದುಡ್ಡು ಸುರಿಯುವುದು ಎಷ್ಟು ಸರಿ? ಆ ದುಡ್ಡಲ್ಲಿ ಒಬ್ಬ ಹುಡುಗಿಯನ್ನು ಕೆಲಸಕ್ಕಿಟ್ಟುಕೊಂಡು, ಬಂದ ಪ್ರತಿ ಮೆಸೇಜಿಗೆ ಅದೇ ದಿನ ಉತ್ತರ ಕೊಡಿಸಿದರೆ ಜಾಸ್ತಿ ಉಪಯೋಗ.

ನಮ್ಮ ಕಡೆಗೆ ಬಂದಾಗ

ನೀರು ಪೋಲಾಗುತ್ತಿದೆ ಅನ್ನುವ ಟೀಕೆ ಆಗಲೇ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಆ ವರ್ಷ ಭೀಕರ ಬರ. ಕೊಡ ಸಾಲಿಗಿಟ್ಟು ಟ್ಯಾಂಕರ್ ಕಾಯುವ ನಮ್ಮ ಊರುಗಳಲ್ಲಿ ಅದನ್ನು ನೋಡಿ ಹೊಟ್ಟೆ ಉರಿಯದೆ ಇರುತ್ತದೆಯೇ? ಹೈದರಾಬಾದ್‌ನ ಪತ್ರಕರ್ತೆ ಮಂಜುಲತಾ ಕಲಾನಿಧಿ ಅದೇ ಆಗಸ್ಟ್‌ನಲ್ಲಿ ಅದನ್ನು ರೈಸ್ ಬಕೆಟ್ ಚಾಲೆಂಜ್ ಮಾಡಿದರು. ಒಂದು ಬಕೆಟ್ ಅಕ್ಕಿ ಅಗತ್ಯ ಇರುವವರಿಗೆ ಕೊಡಿ, ಫೋಟೊ ಹಾಕಿ, ಗೆಳೆಯರನ್ನು ಕರೆಯಿರಿ. ಹೆಸರು ಹಿಡಿದು ಕರೆಯುವ ಭಾಗ ಉಳಿಸಿಕೊಂಡು, ನಮ್ಮ ನೆಲಕ್ಕೆ ಒಗ್ಗದ್ದನ್ನು ಬಿಟ್ಟರು. ನಕಲು ಮಾಡುವುದಾದರೆ ಹೀಗೆ ಮಾಡಬೇಕು.

ಈಗ ಕರ್ನಾಟಕದ ಒಂದು ಸಣ್ಣ ಟ್ರಸ್ಟ್ ಅಂದುಕೊಳ್ಳಿ. ಒಂದು ರಾತ್ರಿ ನಿಮ್ಮ ವಿಡಿಯೊ ನಿಜವಾಗಿಯೂ ಓಡಿತು. ಬೆಳಗ್ಗೆ ಎದ್ದರೆ ಯುಪಿಐಗೆ 50, 100, 500 ರೂಪಾಯಿಯ ಸಾಲು. ಯುಪಿಐ ಸಂದೇಶದಲ್ಲಿ ಹೆಸರು, ಮೊತ್ತ ಇರುತ್ತದೆ, ಪ್ಯಾನ್ ಇರುವುದಿಲ್ಲ. ತೆರಿಗೆ ವಿನಾಯಿತಿಯ ಸರ್ಟಿಫಿಕೇಟ್ ಬೇಕು ಎಂದು ಮಾರ್ಚ್‌ನಲ್ಲಿ ಫೋನ್ ಬಂದಾಗ ಯಾರು ಯಾವುದು ಕೊಟ್ಟರು ಎಂದು ಹುಡುಕುತ್ತಾ ಕೂರಬೇಕು. ಕ್ಯೂಆರ್ ಕೋಡ್ ಪಕ್ಕದಲ್ಲೇ ಹೆಸರು, ಫೋನ್, ಪ್ಯಾನ್ ತುಂಬುವ ಒಂದು ಗೂಗಲ್ ಫಾರ್ಮ್ ಲಿಂಕ್ ಇಟ್ಟಿದ್ದರೆ ಆ ಕಷ್ಟ ಇಲ್ಲ. ಅಮೆರಿಕದ ಸಂಸ್ಥೆ ದಿನಾ ಕೊಟ್ಟಂತೆ ನೀವು ವಾರಕ್ಕೊಮ್ಮೆಯಾದರೂ ಒಂದು ಸಾಲಿನ ಲೆಕ್ಕ ಹಾಕಿ: ಇಷ್ಟು ಬಂತು, ಇಷ್ಟು ಖರ್ಚಾಯಿತು, ಯಾವುದಕ್ಕೆ. ಬಾಡಿಗೆ, ಸಂಬಳ, ಡೀಸೆಲ್ ಎಲ್ಲ ಸೇರಿಸಿ ಬರೆಯಿರಿ. ಶೇ 73ರ ಕಥೆ ನೋಡಿದ್ದೀರಲ್ಲ, ಮುಚ್ಚಿಟ್ಟರೆ ಬೇರೆಯವರು ತಮಗೆ ತೋಚಿದ ಹಾಗೆ ಬರೆಯುತ್ತಾರೆ.

ಹೊರದೇಶದ ಹಣದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ವಿಡಿಯೊ ಗಡಿ ನೋಡಿ ಓಡುವುದಿಲ್ಲ, ನ್ಯೂಜೆರ್ಸಿ, ದುಬೈ, ಸಿಡ್ನಿಯ ಕನ್ನಡಿಗರೂ ಕಳಿಸುತ್ತೇವೆ ಅನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ಕೆಲಸ ಮಾಡುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎಂದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿನ ಪೌರತ್ವ ಪಡೆದವರದ್ದು, ಭಾರತ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ತೆಗೆದುಕೊಳ್ಳಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬಂದು ಸೇರಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ನಿಮ್ಮೂರಿನ ಬ್ಯಾಂಕ್ ಖಾತೆ ನಂಬರನ್ನು ವಾಟ್ಸಾಪ್‌ನಲ್ಲಿ ಕಳಿಸಿಬಿಟ್ಟರೆ ಒಳ್ಳೆ ಮನಸ್ಸಿನಿಂದ ಬಂದ ಹಣವೇ ಟ್ರಸ್ಟ್‌ಗೆ ಕಂಟಕ. ಹಾಗಾಗಿ ವಿಡಿಯೊ ಹಾಕುವ ಮುಂಚೆಯೇ ನಿಮ್ಮ ಆಡಿಟರ್ ಜೊತೆ ಕೂತು, ಹೊರಗಿನಿಂದ ಕೇಳಿದವರಿಗೆ ಕೊಡುವ ಉತ್ತರವನ್ನು ಎರಡು ಸಾಲಿನಲ್ಲಿ ಬರೆದು, ಪೇಜ್ ನೋಡಿಕೊಳ್ಳುವವರ ಫೋನಿನಲ್ಲಿ ಸೇವ್ ಮಾಡಿಸಿ ಇಡಿ.